ಙ ಅಕ್ಷರದ ಮೊಮ್ಮಗಳು

ಪುರೋಹಿತರು ಪಂಚಾಂಗದಿಂದ ತಲೆಯೆತ್ತಿ "ಆರ್ದ್ರಾ ನಕ್ಷತ್ರ, ಮೂರನೇ ಪಾದ" ಎಂದರು. ಅಕ್ಷರ ಯಾವುದು ಬರುತ್ತೆ ಎಂದು ಕೇಳಿದೆ. ಅವರು ಮೂಗಿನಲ್ಲಿ ಏನೋ ಒಂದು ಶಬ್ದ ಮಾಡಿದರು. ಮಳೆಗಾಲ, ಶೀತವಾಗಿರಬೇಕು ಅಂದುಕೊಂಡು ಒಳಗಿನಿಂದ ಬಿಸಿನೀರು ತರಿಸಿದೆ. "ಅಲ್ಲ ಗೌಡ್ರೇ, ಅಕ್ಷರಾನೇ ಅದು. ಙ."

ಕ ಖ ಗ ಘ ಆದ ಮೇಲೆ ಬರುವ ಆ ಬಡಪಾಯಿಯನ್ನು ಒಂದನೇ ಕ್ಲಾಸಿನ ಸ್ಲೇಟು ಬಿಟ್ಟರೆ ನಾನು ಇನ್ನೆಲ್ಲೂ ಬರೆದವನಲ್ಲ. ಆರ್ದ್ರೆಯ ನಾಲ್ಕು ಪಾದಗಳಿಗೆ ಕು, ಘ, ಙ, ಛ ಎಂದು ಹಿಂದಿನವರು ಹಂಚಿಟ್ಟಿದ್ದಾರೆ. ನಮ್ಮ ಮೊಮ್ಮಗಳು ಆರು ತಾಸು ತಡಮಾಡಿದ್ದರೆ ಛಾಯಾ ಆಗಿ ಹಾಯಾಗಿರುತ್ತಿದ್ದಳು. 'ಗ' ಇಟ್ಟುಕೊಂಡರೂ ನಡೆಯುತ್ತೆ, ಎಲ್ಲರೂ ಹಾಗೇ ಮಾಡೋದು ಎಂದು ಪುರೋಹಿತರೇ ದಾರಿ ತೋರಿಸಿದರು. ನಮ್ಮಕ್ಕ ಒಪ್ಪಲಿಲ್ಲ. "ಅಕ್ಷರ ಬದ್ಲಾಯ್ಸೋದಾದ್ರೆ ಪಂಚಾಂಗ ಯಾಕೆ ನೋಡ್ಬೇಕಿತ್ತು?" ಬೆಂಗಳೂರಿನಿಂದ ಬಂದಿದ್ದ ಮಗ, ಸೊಸೆ ಮೊಬೈಲು ತೆಗೆದು ಕೂತರು. ಅದರೊಳಗಿನ ಹೆಸರುಗಳಿಗೆಲ್ಲ ಬೆಳಕು, ಶಾಂತಿ, ಸೂರ್ಯನ ಮೊದಲ ಕಿರಣ, ಇಂಥವೇ ಅರ್ಥ. ಜಡಿಮಳೆಗೆ ಕರೆಂಟು ಹೋಗಿ ಮೂರು ದಿನವಾಗಿತ್ತು. ಬುಡ್ಡಿದೀಪದ ಪಕ್ಕ ಅಷ್ಟೊಂದು ಬೆಳಕಿನ ಪಟ್ಟಿ ಓದುವುದನ್ನು ಕೇಳುತ್ತ ನನಗೆ ನಿದ್ದೆ ಹತ್ತಿತು.

ದೋಣಿಗಲ್ಲಿನ ಹೆದ್ದಾರಿ ಬದಿಯಲ್ಲಿ ನಾನು ದಿನಾ ಚಾ ಕುಡಿಯುವ ಅಂಗಡಿಯೊಂದಿದೆ. ಅಂಗಡಿಯ ಕಾಕಾ ಬ್ಯಾರಿಗಳು, ತಂದೆಯ ಕಾಲದಲ್ಲಿ ಶಿರಾಡಿ ಘಾಟಿ ಹತ್ತಿ ಬಂದವರು. ಹೆಸರು ಬರೆಯುವುದಿಲ್ಲ. ಬರೆದರೆ ನಾಳೆಯಿಂದ ನನ್ನ ಚಾಕ್ಕೆ ಸಕ್ಕರೆ ಕಮ್ಮಿಯಾದೀತು. ನನ್ನ ಗೋಳು ಕೇಳಿ ಅವರು ಲೋಟ ತೊಳೆಯುತ್ತಲೇ "ಙ ನಮ್ಮಲ್ಲೂ ಇಲ್ಲ ಗೌಡ್ರೇ, ಞ ಬೇಕಾದ್ರೆ ಕೊಡ್ತೇನೆ" ಅಂದರು.

ನಿಜವೇ. ಆ ಇನ್ನೊಂದು ಅನಾಥ ಅಕ್ಷರ ಇವತ್ತಿಗೂ ಉಸಿರಾಡುತ್ತಿರುವುದು ಕರಾವಳಿಯ ಮುಸ್ಲಿಮರ ಹೆಸರಿನಲ್ಲಿ. ಬೊಳುವಾರು ಮಹಮದ್ ಕುಂಞಿಯವರ ಹೆಸರು ಅಚ್ಚಾದಾಗಲೆಲ್ಲ ಅದಕ್ಕೆ ಒಂದು ದಿನದ ಕೂಲಿ ಹುಟ್ಟುತ್ತದೆ. ಮಹಮದ್ ಎಂದರೆ ಅರಬ್ಬಿಯಲ್ಲಿ ಹೊಗಳಿಕೆಗೆ ಪಾತ್ರನಾದವನು. ಕುಂಞಿ ನಮ್ಮದೇ ನೆಲದ ಮಾತು, ಪುಟ್ಟ ಎಂದು ಅರ್ಥ. ಕುಪ್ಪಳಿಯವರು ಪುಟ್ಟಪ್ಪ ಎಂದರು, ಬೊಳುವಾರಿನವರು ಕುಂಞಿ ಎಂದರು. ಮಕ್ಕಳನ್ನು ಕಂಡಾಗ ಬಾಯಿಗೆ ಬರುವುದು ಎರಡೂ ಕಡೆ ಒಂದೇ. ಮೊಹಿಯುದ್ದೀನ್ ಎಂಬ ಘನವಾದ ಹೆಸರು, ಧರ್ಮಕ್ಕೆ ಮರುಜೀವ ಕೊಟ್ಟವನು ಎಂದರ್ಥ. ಅದು ಬಾಗ್ದಾದಿನಿಂದ ಹೊರಟು ಮಂಗಳೂರಿಗೆ ಬರುವಷ್ಟರಲ್ಲಿ ಮೊಯ್ದೀನ್ ಆಗಿ, ಬಾಲಕ್ಕೆ ಅಬ್ಬ ಸೇರಿ, ತಲೆ ಸವೆದು ಇದಿನಬ್ಬ ಆಗುತ್ತದೆ. ಉಳ್ಳಾಲದ ಶಾಸಕರೂ ಕವಿಯೂ ಆಗಿದ್ದ ಬಿ.ಎಂ. ಇದಿನಬ್ಬನವರನ್ನು ಕನ್ನಡಿಗರಲ್ಲ ಎನ್ನಲು ಆ ಹೆಸರೇ ಬಿಡುವುದಿಲ್ಲ.

ಕಾಕಾ ಅವರಿಗೆ ಒಂದೇ ಒಂದು ಬೇಜಾರು. ತೋಟದ ಆಫೀಸಿನವರು ಅವರನ್ನು ಬರೇ 'ಅಬ್ದುಲ್' ಎಂದು ಕೂಗುತ್ತಾರೆ. "ಅಬ್ದ್ ಅಂದ್ರೆ ದಾಸ. ಕರೀಮನ ದಾಸ, ರಹಮಾನನ ದಾಸ ಅಂತ ಪೂರ್ತಿ ಹೇಳ್ಬೇಕು. ಅಬ್ದುಲ್ ಅಂದು ನಿಲ್ಸಿದ್ರೆ ಯಾರ ದಾಸ ಅಂತ ಆಯ್ತು?" ಪುರಂದರದಾಸರನ್ನು 'ದಾಸರೇ' ಎಂದರೆ ಮರ್ಯಾದೆ, ಇವರನ್ನು ಹಾಗೆ ಕರೆದರೆ ಮಾತು ನಡುವೆ ಮುರಿದ ಹಾಗೆ. ಅಂದಿನಿಂದ ನಾನು ಕಾಕಾ ಎಂದೇ ಕರೆಯುತ್ತೇನೆ.

ಹೆಸರು ಯಾವ ಕಿವಿಗೆ ಬಿತ್ತು ಎನ್ನುವುದರ ಮೇಲೆ ಅರ್ಥ ಹೋಗುತ್ತದೆ. ನಮ್ಮ ಜಿಲ್ಲೆಯನ್ನೇ ನೋಡಿ. ಹಾಸನಾಂಬೆಯ ಊರು ಇಂಗ್ಲಿಷ್ ಕಾಗುಣಿತದಲ್ಲಿ ಹೊರಗಿನವರಿಗೆ 'ಹಸನ್' ಆಗಿ ಕಾಣುತ್ತದೆ, ಅರಬ್ಬಿಯಲ್ಲಿ ಅದು ಚೆಲುವ, ಒಳ್ಳೆಯವ. ಆ ಹಾಸನದ ಬಾನು ಮುಷ್ತಾಕ್ ಅವರಿಗೆ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಬಂತಲ್ಲ, ಬಾನು ಎಂದರೆ ಪಾರಸಿಯಲ್ಲಿ ಗೌರವದ ಹೆಂಗಸು, ಮುಷ್ತಾಕ್ ಎಂದರೆ ಹಂಬಲಿಸುವವನು. ನಮ್ಮ ಕಿವಿಗೆ ಬಾನು ಎಂದರೆ ಆಕಾಶ, ಅದನ್ನು ಬಿಟ್ಟುಕೊಡಲು ನಾನು ತಯಾರಿಲ್ಲ. ನಮ್ಮೂರಿನದೂ ಅದೇ ಕಥೆ. ಐರ್ಲೆಂಡಿನಲ್ಲಿ ಡಾನಿಗಾಲ್ ಎಂಬ ಸೀಮೆಯಿದೆ, ಪರಕೀಯರ ಕೋಟೆ ಎಂದು ಅದರ ಅರ್ಥ. ರೈಲ್ವೆ ಬೋರ್ಡಿನ ಇಂಗ್ಲಿಷ್ ಓದಿದ ಚಾರಣದ ಹುಡುಗನೊಬ್ಬ ನಮ್ಮ ದೋಣಿಗಲ್ಲನ್ನು ಅಲ್ಲಿಗೇ ಸೇರಿಸಿದ್ದ. ಮಂಜಿನೊಳಗೆ ಟಿಪ್ಪುವಿನ ಮಂಜರಾಬಾದ್ ಕೋಟೆ ಬೇರೆ ಹತ್ತಿರದಲ್ಲೇ ಇದೆಯಲ್ಲ, ನಾನು ತಿದ್ದಲು ಹೋಗಲಿಲ್ಲ.

ಹಳೆಯ ಹೆಸರುಗಳಿಗೆ ಅರ್ಥಕ್ಕಿಂತ ಕಾರಣ ಮುಖ್ಯವಾಗಿತ್ತು. ಘಟ್ಟದ ಕೆಳಗಿನಿಂದ ತೋಟಕ್ಕೆ ಬರುತ್ತಿದ್ದ ತುಳುವರಲ್ಲಿ ಭಾನುವಾರ ಹುಟ್ಟಿದವನು ಐತ, ಮಂಗಳವಾರದವನು ಅಂಗಾರ, ಶುಕ್ರವಾರದವನು ತುಕ್ರ, ಶನಿವಾರದವನು ತನಿಯ. ಸುಳ್ಯದಿಂದ ಆರು ಸಲ ಗೆದ್ದು ಮಂತ್ರಿಯೂ ಆದ ಎಸ್. ಅಂಗಾರ ಅವರ ಹೆಸರು ಆ ಸಾಲಿನದು. ನನ್ನ ಅಪ್ಪನ ಹಾಜರಿ ಪುಸ್ತಕ ಬಿಡಿಸಿದರೆ ಒಂದು ವಾರವೇ ಸಾಲಾಗಿ ನಿಂತು ಬಟವಾಡೆ ತೆಗೆದುಕೊಂಡ ಹಾಗಿದೆ. ಬರ್ಮಾದಲ್ಲೂ ಹುಟ್ಟಿದ ವಾರವೇ ಅಕ್ಷರ ಕೊಡುತ್ತದೆ. ಅಲ್ಲಿ ಬುಧವಾರವನ್ನು ಎರಡಾಗಿ ಸೀಳಿ ಎಂಟು ವಾರ ಮಾಡಿಕೊಂಡಿದ್ದಾರೆ. ಸೋಮವಾರದವರಿಗೆ ನಮ್ಮ ಕ ವರ್ಗವೇ, ಙ ಸಮೇತ. ಬಾಲಿಯಲ್ಲಿ ಇನ್ನೂ ಸುಲಭ: ಮೊದಲನೆಯದು ವಾಯಾನ್, ಎರಡನೆಯದು ಮಾದೆ, ಮೂರನೆಯದು ನ್ಯೋಮಾನ್, ನಾಲ್ಕನೆಯದು ಕೆತುತ್. ಐದನೆಯದು ಹುಟ್ಟಿದರೆ ಮತ್ತೆ ವಾಯಾನ್.

ಸಾಕಮ್ಮ ಎಂಬ ಹೆಸರಿನ ಕಾರಣ ಬಿಡಿಸಿ ಹೇಳಬೇಕಿಲ್ಲ. ಮೇಲಿಂದ ಮೇಲೆ ಹೆಣ್ಣಾದಾಗ ದೇವರಿಗೆ ಹಾಕುತ್ತಿದ್ದ ಅರ್ಜಿ ಅದು. ಚೀನಾದಲ್ಲಿ ಅದೇ ಅರ್ಜಿಯನ್ನು 'ಝಾವ್‌ದಿ' ಎಂದು ಬರೆಯುತ್ತಾರೆ, ತಮ್ಮನನ್ನು ಕರೆದು ತಾ ಎಂದು. ಸಾತಾರಾ ಜಿಲ್ಲೆಯಲ್ಲಿ 'ನಕುಸಾ', ಬೇಡವಾದವಳು, ಎಂದು ಕರೆಸಿಕೊಂಡಿದ್ದ 280ಕ್ಕೂ ಹೆಚ್ಚು ಹುಡುಗಿಯರಿಗೆ 2011ರಲ್ಲಿ ಸರ್ಕಾರವೇ ಸಭೆ ಮಾಡಿ ಹೊಸ ಹೆಸರಿಟ್ಟಿತು. ಒಳ್ಳೆಯ ಕೆಲಸ. ಆದರೆ ನಮ್ಮ ಕಾಫಿಯವರಿಗೆ ಸಾಕಮ್ಮ ಎಂದರೆ ನೆನಪಾಗುವುದು ಬಸವನಗುಡಿಯಲ್ಲಿ ಕಾಫಿಪುಡಿ ಕಾರ್ಖಾನೆ ಕಟ್ಟಿ, ಬೆಂಗಳೂರಿನ ಒಂದು ಬಡಾವಣೆಗೇ ಹೆಸರು ಕೊಟ್ಟ ಹೆಂಗಸು.

ಅಜ್ಜಿಗಂತೂ ಹೆಸರು ಎಂದರೆ ಬಾಯಿಗೆ ಬರಬಾರದ ವಸ್ತು. ಅಜ್ಜನ ಹೆಸರಿನಲ್ಲಿ 'ಹಾಲು' ಇತ್ತು (ಪೂರ್ತಿ ನಾನೂ ಬರೆಯಲಾರೆ). ಹಾಗಾಗಿ ಸಾಯುವವರೆಗೂ ಅವಳು ಹಾಲಿಗೆ 'ಬೆಳ್ಳಂದು' ಎನ್ನುತ್ತಿದ್ದಳು. ಬೆಕ್ಕು ಬೆಳ್ಳಂದು ಕುಡೀತು, ಬೆಳ್ಳಂದು ಉಕ್ಕಿತು ನೋಡೇ. ಒಮ್ಮೆ ಜನಗಣತಿಯ ಮೇಷ್ಟ್ರು ಬಂದು ಯಜಮಾನರ ಹೆಸರು ಕೇಳಿದಾಗ ಅವಳು ಒಳಗೆ ಹೋಗಿ ತುಂಬಿದ ಕಂಚಿನ ಚೊಂಬು ತಂದು ಅವರ ಮುಂದಿಟ್ಟು ಸುಮ್ಮನೆ ನಿಂತಳು. ಮೇಷ್ಟ್ರು ಅದನ್ನು ಕುಡಿದು, ಕೈ ಮುಗಿದು, ಮತ್ತೆ ಹೆಸರು ಕೇಳಿದರು. ಚೀನಾದಲ್ಲಿ ಇದಕ್ಕಿಂತ ಕಠಿಣ. ತಾಂಗ್ ಕಾಲದ ಕವಿ ಲಿ ಹ ದೊಡ್ಡ ಪರೀಕ್ಷೆಗೆ ಕೂರದಂತಾಯಿತು. ಪರೀಕ್ಷೆಯ ಹೆಸರು, ಅವನ ಅಪ್ಪನ ಹೆಸರು ಕೇಳಲು ಒಂದೇ ಥರ ಇದ್ದವಂತೆ, ಅಷ್ಟೇ.

ಈಗ ರೊಬಸ್ಟಾ ಕುಯ್ಲು. ಕೂಸಿಗೆ ಏಳು ತಿಂಗಳು. ಮೊನ್ನೆ ಅಂಗಡಿಯಲ್ಲಿ ಯಾರೋ "ವಿಯೆಟ್ನಾಮಲ್ಲಿ ಬೆಳೆ ಹೆಂಗಂತೆ?" ಎಂದು ಕೇಳಿದರು. ರೊಬಸ್ಟಾದಲ್ಲಿ ಜಗತ್ತಿಗೇ ಮೊದಲಿಗರು ಅವರು, ಅಲ್ಲಿ ಫಸಲು ಜಾಸ್ತಿಯಾದರೆ ಸಕಲೇಶಪುರದಲ್ಲಿ ಮದುವೆ ಮುಂದಕ್ಕೆ ಹೋಗುತ್ತದೆ. ನನಗೆ ಫಕ್ಕನೆ ಹೊಳೆಯಿತು. ಅಲ್ಲಿನ ಮನೆಮನೆಯ ಙುಯೆನ್ ಶುರುವಾಗುವುದೇ ಙಕಾರದಿಂದ. ಹೆಣ್ಣುಮಕ್ಕಳಿಗೆ ಙೊಕ್ ಎಂದಿಡುತ್ತಾರೆ, ರತ್ನ ಎಂದು. ಙಾ ಎಂದೂ ಇಡುತ್ತಾರೆ, ಚಂದ್ರನಲ್ಲಿರುವ ದೇವಿಯ ಹೆಸರು ಹಂಗ್ ಙಾ. ಪಂಚಾಂಗಕ್ಕೂ ಸರಿ, ಮೊಬೈಲಿನ ಬೆಳಕಿಗೂ ಸರಿ. ಮನೆಗೆ ಹೋಗಿ ಅಕ್ಕನಿಗೆ ಹೇಳಿದೆ. "ಅದನ್ನ ಅವ್ಳೇ ತೊಟ್ಲಲ್ಲಿ ದಿನಾ ಕೂಗ್ತಾ ಇದಾಳಲ್ಲೋ" ಅಂದಳು. ಬೇಡ ಅನ್ನಲಿಲ್ಲ. ಸೊಸೆ ಏನೂ ಅನ್ನಲಿಲ್ಲ.

ಜನನ ಪ್ರಮಾಣಪತ್ರದಲ್ಲಿ ಹೆಸರಿನ ಜಾಗ ಖಾಲಿ ಇದೆ. ಹನ್ನೆರಡು ತಿಂಗಳೊಳಗೆ ಶುಲ್ಕವಿಲ್ಲದೆ ತುಂಬಿಸಬಹುದು, ನಮಗಿನ್ನೂ ಐದು ತಿಂಗಳಿದೆ. ಕಾಕಾ ಮಾತ್ರ ಕಾಯಲಿಲ್ಲ. ಅವರ ಸಾಲದ ಪುಸ್ತಕದಲ್ಲಿ ನನ್ನ ಲೆಕ್ಕದ ಕೆಳಗೆ ಎರಡು ಪೊಟ್ಟಣ ಬಿಸ್ಕತ್ತಿನ ಎದುರು 'ಕುಂಞಿ' ಎಂದು ಬರೆದಾಗಿದೆ.