ಸಿಸಿಲಿಯ ತಾಯಿ, ನಮ್ಮ ಹಿತ್ತಲ ದೊಡ್ಡಪತ್ರೆ

ನಮ್ಮವಳು ಕನ್ನಡಕ ಏರಿಸಿಕೊಂಡು ಶ್ರದ್ಧೆಯಿಂದ ಓದುವ ಸಾಹಿತ್ಯವೆಂದರೆ ಶೀಶೆಗಳ ಬೆನ್ನಿಗೆ ಅಂಟಿಸಿದ ಚೀಟಿ. ಮಗಳು ಕಾನ್ಸಾಸ್ ಸಿಟಿಯಲ್ಲಿದ್ದಾಗ ನಾವೂ ಒಂದಷ್ಟು ಕಾಲ ಅಲ್ಲಿಗೆ ಹೋಗಿ ಇದ್ದೆವು. ಅಂಗಡಿಯಲ್ಲಿ ನಾನು ತಳ್ಳುಗಾಡಿಗೆ ಆತುಕೊಂಡು ನಿಂತಿರುತ್ತಿದ್ದೆ. ಅವಳು ಒಂದೊಂದೇ ಶೀಶೆ ಎತ್ತಿ, ತಿರುಗಿಸಿ, ಬೆಳಕಿಗೆ ಹಿಡಿದು, ಮೊಟ್ಟೆ ಎಲ್ಲಿ ಅಡಗಿದೆಯೆಂದು ಹುಡುಕುತ್ತಿದ್ದಳು. ಸಿಕ್ಕಿತೋ, ಜೇಬುಗಳ್ಳನ ಕೊರಳಪಟ್ಟಿ ಹಿಡಿದ ಪೇದೆಯ ಸಂತೋಷ ಅವಳ ಮುಖದಲ್ಲಿ. ಅವಳ ಕೈಗೆ ಹಾಗೆ ಸಿಕ್ಕಿಬಿದ್ದವುಗಳಲ್ಲಿ ಕ್ರೀಮಿ ಇಟಾಲಿಯನ್ ಸಲಾಡ್ ಡ್ರೆಸ್ಸಿಂಗೂ ಒಂದು. ಕಷ್ಟವೆಂದರೆ, ಮೊಮ್ಮಗ ಹಸಿ ತರಕಾರಿ ಮುಟ್ಟುತ್ತಿದ್ದದ್ದೇ ಅದನ್ನು ಸುರಿದಾಗ ಮಾತ್ರ.

‘ಮನೇಲೇ ಮಾಡಿದರಾಯ್ತು ಬಿಡಿ. ಅದೇನು ಬ್ರಹ್ಮವಿದ್ಯೆಯಾ?’ ಎಂದಳು.

ಬ್ರಹ್ಮವಿದ್ಯೆಯಲ್ಲ, ನಿಜ. ಆದರೆ ಆ ಊರಿಗೂ ಈ ಪದಾರ್ಥಕ್ಕೂ ಹಳೆಯ ನಂಟಿತ್ತು. ಎರಡನೆಯ ಮಹಾಯುದ್ಧದಿಂದ ಮರಳಿದ ಫಿಲಿಪ್ ಸೊಲ್ಲೋಮಿ ಎಂಬಾತ 1945ರಲ್ಲಿ ಕಾನ್ಸಾಸ್ ಸಿಟಿಯಲ್ಲಿ ‘ವಿಷ್‌ಬೋನ್’ ಎಂಬ ಹೋಟೆಲು ತೆರೆದ. 1948ರಲ್ಲಿ, ಸಿಸಿಲಿ ಮೂಲದ ತನ್ನ ತಾಯಿಯ ಕೈರುಚಿಯ ಡ್ರೆಸ್ಸಿಂಗನ್ನು ಬಡಿಸತೊಡಗಿದ. ಉಂಡವರು ಮನೆಗೂ ಬೇಕೆಂದರು. ಪೀಪಾಯಿಯಲ್ಲಿ ಕಲಸಿ ಶೀಶೆಗೆ ತುಂಬಿದ್ದಾಯಿತು. 1957ರಲ್ಲಿ ಲಿಪ್ಟನ್ ಕಂಪನಿ ಅದನ್ನು ಕೊಂಡುಕೊಂಡಿತು. ಚಿಟಿಕೆ, ಹಿಡಿ, ಒಂದು ಸುತ್ತು ಎಣ್ಣೆ ಎಂದು ಬದುಕಿದ್ದಿರಬಹುದಾದ ಆ ತಾಯಿಯ ಮುಂದೆ ಮಗ ಪೀಪಾಯಿ ಇಟ್ಟು ‘ಇದಕ್ಕೆಷ್ಟು ಉಪ್ಪಮ್ಮಾ?’ ಎಂದು ಕೇಳಿದಾಗ ಆಕೆಗೆ ಏನನ್ನಿಸಿತೋ ಎಂದು ನಾನು ಆಗಾಗ ಯೋಚಿಸುವುದುಂಟು.

ಅದು ತೆಳ್ಳಗಿನ ಎಣ್ಣೆ-ವಿನೆಗರಿನ ಡ್ರೆಸ್ಸಿಂಗು. ಮೇಯನೇಸ್ ಕೂಡಿಸಿ ಬೆಳ್ಳಗೆ ಗಟ್ಟಿ ಮಾಡಿ ‘ಕ್ರೀಮಿ’ ಎನ್ನಿಸಿದ್ದು ಅಮೆರಿಕದ ನಾಲಗೆ. ಇಟಲಿಯ ಮನೆಗಳಲ್ಲಿ ಸೊಪ್ಪಿನ ಮೇಲೆ ಎಣ್ಣೆ, ವಿನೆಗರ್, ಉಪ್ಪು ಬಿದ್ದರೆ ಮುಗಿಯಿತು. ಸಲಾಡ್ ಕಲಸಲು ನಾಲ್ಕು ಜನ ಬೇಕೆಂದು ಅವರಲ್ಲೊಂದು ಗಾದೆಯಿದೆ: ಉಪ್ಪಿಗೆ ವಿವೇಕಿ, ವಿನೆಗರಿಗೆ ಜಿಪುಣ, ಎಣ್ಣೆಗೆ ದುಂದುಗಾರ, ಕಲಸುವುದಕ್ಕೆ ಹುಚ್ಚ. ನಮ್ಮವಳು ಮೊದಲಿನ ಎರಡು ಪಾತ್ರಗಳನ್ನು ಸಲೀಸಾಗಿ ನಿಭಾಯಿಸಬಲ್ಲಳು. ಎಣ್ಣೆಯ ವಿಷಯಕ್ಕೆ ಬಂದರೆ ಅವಳಿಂದ ದುಂದು ಸಾಧ್ಯವೇ ಇಲ್ಲ. ಮೇಯನೇಸ್ ಎನ್ನಿಸಿಕೊಳ್ಳಬೇಕಾದರೆ ಅಮೆರಿಕದ ಕಾನೂನಿನಂತೆ ತೂಕದಲ್ಲಿ ಶೇ. 65ರಷ್ಟಾದರೂ ಎಣ್ಣೆ ಇರಲೇಬೇಕು ಎಂದು ಅಳಿಯ ಹೇಳಿದಾಗ, ಮೊಟ್ಟೆಗಿಂತ ಹೆಚ್ಚಾಗಿ ಅವಳನ್ನು ಗಾಬರಿಗೊಳಿಸಿದ್ದು ಅದೇ. ನಾಲ್ಕನೆಯ ಪಾತ್ರ ನನ್ನ ಪಾಲಿಗೆ ಬಂತೆಂದು ಬೇರೆ ಹೇಳಬೇಕಿಲ್ಲ.

ಎಣ್ಣೆಗೂ ವಿನೆಗರಿಗೂ ಹುಟ್ಟಾ ಆಗಿಬರುವುದಿಲ್ಲ. ಮೊಟ್ಟೆಯ ಹಳದಿಯಲ್ಲಿರುವ ಲೆಸಿಥಿನ್ ನಡುವೆ ನಿಂತು ರಾಜಿ ಮಾಡಿಸುತ್ತದೆ. ಕಾರ್ಖಾನೆಯವರು ಸಾಲದೆಂದು ಝಾಂಥನ್ ಗಮ್ ಎಂಬ ಅಂಟನ್ನೂ ಹಾಕುತ್ತಾರೆ. ಇಲಿನಾಯ್‌ನ ಪಿಯೋರಿಯಾದಲ್ಲಿರುವ ಕೃಷಿ ಇಲಾಖೆಯ ಪ್ರಯೋಗಾಲಯದಲ್ಲಿ ಆಲೀನ್ ಜೀನ್ಸ್ ಎಂಬಾಕೆ ಮತ್ತು ಸಂಗಡಿಗರು ಕಂಡುಹಿಡಿದ ಇದಕ್ಕೆ, ಆಹಾರದಲ್ಲಿ ಬಳಸಲು 1969ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಇದನ್ನು ತಯಾರಿಸುವುದು ಎಲೆಕೋಸಿಗೆ ಕಪ್ಪು ಕೊಳೆರೋಗ ತರುವ ಬ್ಯಾಕ್ಟೀರಿಯಾ. ಕೋಸನ್ನು ಕೊಳೆಸುವ ಜೀವಿಯ ಅಂಟನ್ನೇ ಕೋಸಿನ ಮೇಲೆ ಸುರಿದುಕೊಂಡು ಜನ ಚಪ್ಪರಿಸುತ್ತಾರೆ. ದೇವರಿಗೂ ಹಾಸ್ಯಪ್ರಜ್ಞೆ ಇದೆ.

ನಮ್ಮವಳು ಈ ಯಾವ ರಾಜಿ ಪಂಚಾಯಿತಿಗೂ ಹೋಗಲಿಲ್ಲ. ಗಟ್ಟಿ ಮೊಸರು ಡಬ್ಬಿಯಲ್ಲೇ ಸಿಗುವ ದೇಶದಲ್ಲಿ, ನನ್ನ ಹಳೆಯ ಪಂಚೆಯ ತುಂಡಿನಲ್ಲಿ ಮೊಸರು ಕಟ್ಟಿ ಮಗಳ ಹೊಳೆಯುವ ನಲ್ಲಿಗೆ ನೇತುಹಾಕಿದಳು. ನೀರು ಬಸಿದ ಮೊಸರಿಗೆ ಆಲಿವ್ ಎಣ್ಣೆ, ವಿನೆಗರ್, ಉಪ್ಪು, ಕಾಳುಮೆಣಸಿನ ಪುಡಿ, ಚೂರು ಸಕ್ಕರೆ, ಎಣ್ಣೆ-ವಿನೆಗರ್ ಎರಡನ್ನೂ ಹಿಡಿದಿಡಲು ಸಾಸಿವೆ ಪುಡಿ. ಆಮೇಲೆ ಬೆಳ್ಳುಳ್ಳಿ. ಅವಳ ತವರಿನಲ್ಲೂ ನನ್ನ ಮನೆಯಲ್ಲೂ ಹಿಂದಿನಿಂದಲೂ ಬೆಳ್ಳುಳ್ಳಿಗೆ ಅಡುಗೆಮನೆಯ ಹೊಸ್ತಿಲು ದಾಟುವ ಹಕ್ಕಿರಲಿಲ್ಲ. ಬಾಣಂತಿಗೂ ಹಿತ್ತಲಲ್ಲೇ ಸುಟ್ಟು ಕೊಡುತ್ತಿದ್ದರು. ಅವಳು ಕಿಟಕಿಯ ಕಡೆ ಮುಖ ಮಾಡಿ ನಿಂತು, ಸಿಪ್ಪೆ ಸುಲಿದು, ಜಜ್ಜಿ ಹಾಕಿದಳು. ನಾನು ಪತ್ರಿಕೆ ಓದುತ್ತಲೇ ಇದ್ದೆ. ನಮ್ಮಿಬ್ಬರ ನಡುವೆ ಆ ವಿಷಯ ಇವತ್ತಿನವರೆಗೂ ಬಂದಿಲ್ಲ.

ಕೊನೆಗೆ ಒಣಗಿದ ಓರೆಗಾನೋ. ಅಂಗೈಯಲ್ಲಿ ತಿಕ್ಕಿ ಮೂಸಿದವಳು ಕೈಯನ್ನು ನನ್ನ ಮೂಗಿಗೇ ಹಿಡಿದಳು. ‘ರೀ, ಇದು ದೊಡ್ಡಪತ್ರೆ ಅಲ್ವೇನ್ರೀ?’ ಗಿಡ ಬೇರೆ, ಪರಿಮಳ ಮಾತ್ರ ಹೆಚ್ಚುಕಡಿಮೆ ಅದೇ. ಎರಡರ ಎಣ್ಣೆಯಲ್ಲೂ ಇರುವ ಕಾರ್ವಕ್ರಾಲ್ ಎಂಬ ಅಂಶದ ಮಹಿಮೆ ಅದು. ಮೊಸರು, ಮೆಣಸು, ದೊಡ್ಡಪತ್ರೆ: ತಂಬುಳಿಗೆ ಇನ್ನು ಜೀರಿಗೆ, ತೆಂಗಿನಕಾಯಿ ಬಿದ್ದರೆ ಸಾಕು. ಅವಳಿಗೆ ಇಟಲಿಯ ಮೇಲಿದ್ದ ಭಯಭಕ್ತಿ ಅಲ್ಲಿಗೆ ಮುಗಿಯಿತು. ಮೊಮ್ಮಗ ಬಟ್ಟಲನ್ನು ಬೆರಳಿನಿಂದ ಬಳಿದು ನೆಕ್ಕಿದ.

ಮಗಳು ಅಳತೆ ಬರೆದುಕೊಳ್ಳಲು ಪಟ್ಟ ಪಾಡು ಬೇರೆಯೇ. ಅಮ್ಮ ಚಿಟಿಕೆ ಹಿಡಿದಾಗಲೆಲ್ಲ ಅದರ ಕೆಳಗೆ ಚಮಚ ಒಡ್ಡಿ, ಬಿದ್ದದ್ದನ್ನು ನೋಡಿ ಬರೆದುಕೊಂಡು ಆಮೇಲೆ ಬಟ್ಟಲಿಗೆ ಬಿಡುತ್ತಿದ್ದಳು. ‘ಕೈಗೆ ಗೊತ್ತಿರತ್ತೆ ಕಣೇ, ಬರಕೊಳ್ಳೋದೇನು’ ಎಂದು ಇವಳ ಗೊಣಗಾಟ.

ಮೊಮ್ಮಗ ಈಗ ಕಾಲೇಜಿನ ಹಾಸ್ಟೆಲಿನಲ್ಲಿದ್ದಾನೆ. ಏನು ತಿನ್ನುತ್ತಾನೋ ಅವನಿಗೇ ಗೊತ್ತು. ಮೈಸೂರಿನ ನಮ್ಮ ಮನೆಯಲ್ಲಿ ಡ್ರೆಸ್ಸಿಂಗು ಉಳಿದುಕೊಂಡಿದೆ. ಓರೆಗಾನೋ ಬದಲು ಹಿತ್ತಲ ದೊಡ್ಡಪತ್ರೆಯನ್ನು ತುಪ್ಪದಲ್ಲಿ ಬಾಡಿಸಿ ಹೆಚ್ಚಿ ಹಾಕುತ್ತಾಳೆ. ಬೆಳ್ಳುಳ್ಳಿ ಮತ್ತೆ ಹೊಸ್ತಿಲಾಚೆಗೆ ಹೋಗಿದೆ. ಈಚೆಗೆ ಮಾತ್ರ, ಮೊಸರು ಬಸಿದಿಟ್ಟುಕೊಂಡು, ಡಬ್ಬಿಗಳ ಮುಂದೆ ಸ್ವಲ್ಪ ಹೊತ್ತು ಸುಮ್ಮನೆ ನಿಂತು, ಆಮೇಲೆ ಮಗಳಿಗೆ ಫೋನು ಹಚ್ಚುತ್ತಾಳೆ. ಅವಳಿರುವ ಕಡೆ ನಡುರಾತ್ರಿಯಾದರೂ ಮಗಳು ಎದ್ದು ಪುಸ್ತಕ ತೆಗೆಯುತ್ತಾಳೆ.

‘ಸಾಸಿವೆ ಪುಡಿ ಅರ್ಧ ಚಮಚ ಅಮ್ಮಾ.’

‘ಅರ್ಧ ಚಮಚಾನಾ? ಕಹಿಯಾಗಲ್ವೇನೇ? ಯಾರು ಹೇಳಿದ್ದು ನಿಂಗೆ?’

‘ನೀನೇ.’

‘ನಾನಾ? ಹಾಗಾದ್ರೆ ಸರಿಯಾಗೇ ಇರತ್ತೆ ಬಿಡು’ ಎಂದು ಇವಳು ಗಂಭೀರವಾಗಿ ಫೋನು ಇಡುತ್ತಾಳೆ. ಮುಂದಿನ ಸಲ ಮತ್ತೆ ಕೇಳುತ್ತಾಳೆ. ಮಗಳು ಒಮ್ಮೆಯೂ ‘ಮೊನ್ನೆ ಹೇಳಿದ್ನಲ್ಲ’ ಎಂದದ್ದಿಲ್ಲ.

ನೀವೂ ಮಾಡುವುದಾದರೆ ಮೊಸರನ್ನು ಹಿಂದಿನ ರಾತ್ರಿಯೇ ಬಟ್ಟೆಯಲ್ಲಿ ಕಟ್ಟಿಡಿ, ಬೇಸಗೆಯಾದರೆ ಫ್ರಿಜ್ಜಿನೊಳಗೆ. ಮೊಸರು ಹುಳಿಯಿದ್ದರೆ ವಿನೆಗರಿನಲ್ಲಿ ಜಿಪುಣತನ ಮಾಡಿ. ಸೌತೆಕಾಯಿಗೆ ಬಡಿಸುವ ಹೊತ್ತಿಗಷ್ಟೇ ಸುರಿಯಿರಿ, ಮೊದಲೇ ಕಲಸಿಟ್ಟರೆ ನೀರು ಬಿಡುತ್ತದೆ. ಒಂದು ಬಟ್ಟಲು ಮೊಸರಿಗೆ ಸಾಸಿವೆ ಪುಡಿ ಅರ್ಧ ಚಮಚ. ಕಹಿಯಾಗುವುದಿಲ್ಲ.