ಹನ್ನೊಂದರಲ್ಲಿ ನಾಲ್ಕು

ಗುಮಾಸ್ತೆಯ ಸಂಸಾರ ದೇಶ ನೋಡುವುದು ಸರಕಾರದ ಪ್ರಯಾಣ ರಿಯಾಯಿತಿಯ ದಯದಿಂದ. ಹೋದ ಡಿಸೆಂಬರಿನಲ್ಲಿ ಆರು ದಿನಗಳ ರಜೆ ಮಂಜೂರಾಗಲು ನಾವು ಅಂಡಮಾನಿಗೆ ಹೊರಟೆವು. ನಾವಿಬ್ಬರು, ಹತ್ತು ವರ್ಷದ ಮಗ, ಅರವತ್ತೆಂಟು ವರ್ಷದ ಅಮ್ಮ. ಚೆನ್ನೈಯಿಂದ ಹಡಗಿನಲ್ಲಾದರೆ ಸುಮಾರು ಮೂರು ದಿನದ ಹಾದಿ. ವಿಮಾನದಲ್ಲಾದರೆ ಕೆಲವೇ ಗಂಟೆ. ಆರು ದಿನದ ರಜೆಯವರಿಗೆ ಯಾವುದು ತಕ್ಕದ್ದೆಂದು ಹೇಳಬೇಕಾಗಿಲ್ಲ.

ಹೊರಡುವ ಮುಂಚೆಯೇ ಮಗ ಕಚೇರಿಯ ಕಡತದಂತೆ ಗೆರೆ ಎಳೆದು ಕಡಲತೀರಗಳ ಪಟ್ಟಿ ಮಾಡಿದ್ದ. ಎಣಿಸಿದರೆ ಹನ್ನೊಂದು! 2024ರವರೆಗೆ ಪೋರ್ಟ್ ಬ್ಲೇರ್ ಎನಿಸಿಕೊಂಡಿದ್ದ ಶ್ರೀ ವಿಜಯಪುರದ ಸುತ್ತ ಮೂರು. ಹ್ಯಾವ್‌ಲಾಕ್ ದ್ವೀಪದಲ್ಲಿ ನಾಲ್ಕು. ನೀಲ್ ದ್ವೀಪದಲ್ಲಿ ನಾಲ್ಕು. ಈ ಎರಡು ದ್ವೀಪಗಳಿಗೆ 2018ರಿಂದ ಸ್ವರಾಜ್ ದ್ವೀಪ, ಶಹೀದ್ ದ್ವೀಪ ಎಂದು ಹೆಸರು. ನಮ್ಮಾಕೆಗೆ ಹವಳ ನೋಡುವ ಆಸೆ. ಮಗನಿಗೆ ಎಲ್ಲವನ್ನೂ ನೋಡುವ ಆಸೆ. ಅಮ್ಮನನ್ನು ಕೇಳಿದಾಗ, "ಭಯವಿಲ್ಲದೆ ಒಮ್ಮೆ ಸಮುದ್ರದ ನೀರಿನಲ್ಲಿ ಕೂತರೆ ಸಾಕಪ್ಪ" ಎಂದರು. ಚೆನ್ನೈಯಲ್ಲಿ ಇಷ್ಟು ವರ್ಷವಿದ್ದೂ ಮರೀನಾದ ಅಲೆಗೆ ಹೆದರಿ ಅವರು ಮರಳಿನ ಮೇಲೆಯೇ ಕುಳಿತು ಬಂದವರು. ಆ ಮಾತನ್ನು ನಾವು ಪಟ್ಟಿಯಲ್ಲಿ ಬರೆದುಕೊಳ್ಳಲಿಲ್ಲ. ತಪ್ಪಾದದ್ದು ಅಲ್ಲಿಯೇ.

ಮೊದಲ ದಿನವೇ ಮೂರು ಹೆಸರುಗಳು ಹಾರಿಹೋದವು. ವಂಡೂರಿನಿಂದ ದೋಣಿಯಲ್ಲಿ ಹೋಗಿ ನೋಡುವ ಜಾಲಿಬಾಯ್ ದ್ವೀಪಕ್ಕೆ ಒಂದು ಪೂರ್ತಿ ದಿನ ಬೇಕು. ಆ ದಿನ ನಮ್ಮಲ್ಲಿರಲಿಲ್ಲ. ಎರಡನೆಯ ದಿನ ಸ್ವರಾಜ್ ದ್ವೀಪ ಸೇರಿ ಸಂಜೆ ರಾಧಾನಗರಕ್ಕೆ ಹೋದೆವು. ಇದು ಪಶ್ಚಿಮದ ತೀರ, ಸೂರ್ಯಾಸ್ತಕ್ಕೆ ಪ್ರಸಿದ್ಧ. 2020ರಲ್ಲಿ ನಮ್ಮ ಕಾಸರಕೋಡು ಮತ್ತು ಪಡುಬಿದ್ರಿಗಳಿಗೆ ನೀಲಿ ಬಾವುಟದ ಮನ್ನಣೆ ದೊರೆತಾಗ ಜೊತೆಯಲ್ಲಿಯೇ ಇದಕ್ಕೂ ದೊರೆಯಿತು. ಕಾಫಿ ಕುಡಿದು ನಿಧಾನವಾಗಿ ಹೋಗೋಣವೆಂದುಕೊಂಡಿದ್ದರೆ ಕೆಟ್ಟೆವು! ನಮ್ಮ ಗಡಿಯಾರ ನಡೆಯುವುದು 82½ ಡಿಗ್ರಿ ರೇಖಾಂಶದ ಲೆಕ್ಕದಲ್ಲಿ, ದ್ವೀಪವಿರುವುದು 93ರಲ್ಲಿ. ಆದ್ದರಿಂದ ಅಲ್ಲಿ ಡಿಸೆಂಬರಿನ ಸೂರ್ಯ ಐದು ಗಂಟೆಯ ಸುಮಾರಿಗೇ ಮುಳುಗುತ್ತಾನೆ. ಓಡುನಡಿಗೆಯಲ್ಲಿ ಹೋಗಿ ಕಂಡೆವು. ಹಿಂದೆ ದಟ್ಟ ಕಾಡು, ಮುಂದೆ ಬಿಳಿಯ ಮರಳು, ನಡುವೆ ನಾವು. ಅಲೆ ಕೊಂಚ ದೊಡ್ಡದಾಗಿದ್ದರಿಂದ ಅಮ್ಮ ಇಲ್ಲಿಯೂ ದೂರದಲ್ಲೇ ಕುಳಿತರು.

ಮಾರನೆಯ ದಿನ ಎಲಿಫೆಂಟ್ ಬೀಚು. ಅಲ್ಲಿಗೆ ಕಾಡಿನ ಕಾಲುದಾರಿಯಲ್ಲಿ ಹೋಗಬೇಕು, ಇಲ್ಲವೇ ದೋಣಿಯಲ್ಲಿ. ಮೊಣಕಾಲು ನೋವಿನವರಿಗೆ ಎರಡೂ ಕಷ್ಟ. "ನೀವು ಹೋಗಿಬನ್ನಿ, ನಾನು ಕೋಣೆಯಲ್ಲಿ ಇರುತ್ತೇನೆ" ಎಂದರು ಅಮ್ಮ. ನಾವು ಹೋದೆವು. 2004ರ ಸುನಾಮಿಯ ಗುರುತಾಗಿ ನಿಂತ ಒಣಮರಗಳನ್ನು ಕಂಡೆವು. ಗಾಜಿನ ಮುಖವಾಡ ಧರಿಸಿ ನೀರಿನೊಳಗೆ ಹವಳವನ್ನೂ ಬಣ್ಣಬಣ್ಣದ ಮೀನುಗಳನ್ನೂ ಕಂಡೆವು. ಸಂತೋಷದ ಭರದಲ್ಲಿ ಹೊತ್ತು ಹೋದದ್ದು ತಿಳಿಯಲಿಲ್ಲ. ಮಧ್ಯಾಹ್ನ ಮೂರಕ್ಕೆ ಮರಳಿದಾಗ ಅಮ್ಮ ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಕುಳಿತಿದ್ದರು. ಸ್ನಾನಕ್ಕೆಂದು ತಂದ ಹಳೆಯ ಸೀರೆ ಮಡಿಕೆ ಬಿಚ್ಚದೆ ತೊಡೆಯ ಮೇಲಿತ್ತು. ನಾವು ಬೇಗ ಬಂದರೆ ಎಲ್ಲಿಯಾದರೂ ಕರೆದೊಯ್ಯಬಹುದೆಂದು ಊಟ ಮುಗಿಸಿ ಕಾದಿದ್ದರಂತೆ. ಒಂದು ಮಾತೂ ಆಡಲಿಲ್ಲ. ಆಡಿದ್ದರೆ ನಮಗೆ ಅಷ್ಟು ನಾಚಿಕೆಯಾಗುತ್ತಿರಲಿಲ್ಲವೇನೋ.

ಆ ರಾತ್ರಿ ಪಟ್ಟಿಯನ್ನು ಮತ್ತೆ ಬಿಚ್ಚಿದೆವು. ಸೂರ್ಯೋದಯಕ್ಕೆ ಹೆಸರಾದ ಕಾಲಾಪತ್ಥರ್, ಪಕ್ಕದ ವಿಜಯನಗರ ಎರಡಕ್ಕೂ ಗೆರೆ ಬಿತ್ತು. ನಾಲ್ಕನೆಯ ದಿನ ಶಹೀದ್ ದ್ವೀಪ ಸೇರಿದೆವು. ಪೂರ್ವ ಬಂಗಾಳದಿಂದ ಬಂದ ನಿರಾಶ್ರಿತರು ಗದ್ದೆ, ತರಕಾರಿ ತೋಟ ಮಾಡಿಕೊಂಡಿರುವ ಪುಟ್ಟ ದ್ವೀಪವಿದು. ಊರುಗಳ ಹೆಸರು ಕೇಳಿಯೇ ಅಮ್ಮನ ಮುಖ ಅರಳಿತು: ರಾಮನಗರ, ಸೀತಾಪುರ, ಲಕ್ಷ್ಮಣಪುರ, ಭರತಪುರ!

ಇಲ್ಲಿ ತೀರವನ್ನು ಆರಿಸಿಕೊಡುವುದು ಸಮುದ್ರದ ಏರಿಳಿತ. ಲಕ್ಷ್ಮಣಪುರದ ಕಲ್ಲುಕಮಾನು ನೋಡಬೇಕಾದರೆ ನೀರು ಇಳಿದಿರಬೇಕು. ಭರತಪುರದಲ್ಲಿ ಸ್ನಾನಮಾಡಬೇಕಾದರೆ ಏರಿರಬೇಕು, ಇಲ್ಲವಾದರೆ ಹವಳದ ಕಲ್ಲು ಕಾಲಿಗೆ ತಾಗುತ್ತದೆ. ಮರುದಿನ ಬೆಳಿಗ್ಗೆ ಆರಕ್ಕೆ ಇಳಿತ, ಮಧ್ಯಾಹ್ನದ ಹೊತ್ತಿಗೆ ಉಬ್ಬರ ಎಂದು ದೋಣಿಯವನು ಲೆಕ್ಕ ಹೇಳಿದ. ಆದರೆ ಸೀತಾಪುರದ ಸೂರ್ಯೋದಯವೂ ಹೆಚ್ಚುಕಡಿಮೆ ಆ ಹೊತ್ತಿಗೇ, ಐದೂವರೆಯ ಸುಮಾರಿಗೆ. ಕಮಾನಿನ ದಾರಿ ಜಾರುಬಂಡೆ, ಅಮ್ಮನಿಗೆ ಆಗದು. ನಾವು ಬಾಯಿ ತೆರೆಯುವ ಮುನ್ನವೇ ಮಗ ಪೆನ್ಸಿಲ್ ತೆಗೆದುಕೊಂಡು ಲಕ್ಷ್ಮಣಪುರದ ಎರಡು ತೀರಗಳನ್ನೂ ಹೊಡೆದುಹಾಕಿದ. "ಅಜ್ಜಿ ಸೂರ್ಯನನ್ನು ನೋಡಲಿ" ಎಂದ.

ನಾಲ್ವರೂ ಕೂಡಿ ಸೀತಾಪುರದಲ್ಲಿ ಸೂರ್ಯನಿಗೆ ಕೈಮುಗಿದೆವು. ಹನ್ನೊಂದು ಗಂಟೆಗೆ ಭರತಪುರ. ಕೊಳದಂತೆ ನಿಂತ ತಿಳಿನೀರು. ಅಮ್ಮ ಹಳೆಯ ಸೀರೆ ಉಟ್ಟು, ಒಂದು ಕೈಯಲ್ಲಿ ಮೊಮ್ಮಗನನ್ನೂ ಇನ್ನೊಂದರಲ್ಲಿ ಸೊಸೆಯನ್ನೂ ಹಿಡಿದು ಇಳಿದರು. ಸೊಂಟದವರೆಗೆ ನೀರು ಬಂದಾಗ ಕುಳಿತರು. ಅರ್ಧ ಗಂಟೆ ಏಳಲೇ ಇಲ್ಲ! ಆಮೇಲೆ ತಳದಲ್ಲಿ ಗಾಜಿರುವ ದೋಣಿಯಲ್ಲಿ ಅವರಿಗೂ ಹವಳದ ದರ್ಶನವಾಯಿತು.

ಹೊರಡಲಿರುವ ಬಂಧುಗಳಿಗೆ ಎರಡು ಮಾತು. ತೀರಗಳ ಹೆಸರು ಬರೆಯುವ ಮುನ್ನ ಜೊತೆಗೆ ಬರುವವರ ಕಾಲು, ವಯಸ್ಸು, ಆಸೆಗಳನ್ನು ಬರೆದುಕೊಳ್ಳಿ. ಏರಿಳಿತದ ವೇಳೆಯನ್ನು ಸ್ಥಳೀಯರಲ್ಲಿ ಕೇಳಿ. ಅಲ್ಲಿ ಉಪ್ಪುನೀರಿನ ಮೊಸಳೆಗಳುಂಟು. ಎಚ್ಚರಿಕೆಯ ಹಲಗೆ ಇರುವಲ್ಲಿ ಇಳಿಯಬೇಡಿ. ಹವಳದ ಚೂರು, ಚಿಪ್ಪುಗಳನ್ನು ಮನೆಗೆ ತರಬೇಡಿ, ಕಾನೂನು ಒಪ್ಪದು.

ಹನ್ನೊಂದರಲ್ಲಿ ನಾವು ಕಂಡದ್ದು ನಾಲ್ಕು. ಕಚೇರಿಯಲ್ಲಿ ಇದನ್ನು ಕೇಳಿದವರು "ಅಷ್ಟೇನಾ?" ಎಂದರು. ಅಮ್ಮನಿಗೆ ಆ ಲೆಕ್ಕವೇ ಬೇಕಾಗಿಲ್ಲ. ಸಂಕ್ರಾಂತಿಯ ದಿನ ಸಂಘದಲ್ಲಿ ಎಳ್ಳು ಬೀರುತ್ತಾ ಸಿಕ್ಕಿದವರಿಗೆಲ್ಲ, "ಭರತನ ಊರಿನಲ್ಲಿ ಸಮುದ್ರಸ್ನಾನ ಮಾಡಿಬಂದೆ" ಎಂದು ಹೇಳುತ್ತಿದ್ದರು.