ಮಾಗಿಯ ಮೀನುಗಳು

ಧನುರ್ಮಾಸ ಬಂತೆಂದರೆ ಬೆಂಗಳೂರಿನ ನಮ್ಮ ಮನೆಯಲ್ಲಿ ನನ್ನ ಬೆಳಗು ಹಿತ್ತಲ ತೊಟ್ಟಿಯ ಬಳಿ ಶುರುವಾಗುತ್ತದೆ. ಅಜ್ಜ ಬಟ್ಟೆ ಒಗೆಯಲೆಂದು ಕಟ್ಟಿಸಿದ ಸಿಮೆಂಟಿನ ತೊಟ್ಟಿ. ಸಾವಿರ ಲೀಟರ್ ಹಿಡಿಯುತ್ತದೆ. ಈಗ ಅಲ್ಲಿ ಗಪ್ಪಿ, ಮಾಲಿಗಳ ಸಂಸಾರ. ಗಪ್ಪಿಯ ತವರು ದಕ್ಷಿಣ ಅಮೆರಿಕದ ಉತ್ತರದಂಚು, ಮಾಲಿಯದು ಮೆಕ್ಸಿಕೊ ಕಡೆ. 24 ಡಿಗ್ರಿಯ ಮೇಲಿನ ನೀರು ಸಿಕ್ಕರೆ ಎರಡೂ ಗೆಲುವಾಗಿರುತ್ತವೆ. ಜನವರಿಯ ನಸುಕಿನಲ್ಲಿ ಥರ್ಮಾಮೀಟರ್ ಇಳಿಬಿಟ್ಟರೆ 18. ಮೀನುಗಳು ರೆಕ್ಕೆ ಮುದುರಿಕೊಂಡು ತಳ ಹಿಡಿದಿರುತ್ತವೆ.

ಮೀನಿನ ಮೈಗೆ ತನ್ನದೇ ಬಿಸಿ ಇಲ್ಲ. ನೀರಿಗೆಷ್ಟೋ ಅದಕ್ಕೂ ಅಷ್ಟೇ. ನೀರು ತಣ್ಣಗಾದಂತೆ ತಿಂದದ್ದು ಅರಗುವುದು ನಿಧಾನ, ರೋಗ ತಡೆಯುವ ಶಕ್ತಿಯೂ ಕಮ್ಮಿ. ಮೈಮೇಲೆ ರವೆ ಉದುರಿಸಿದಂತೆ ಬಿಳಿ ಚುಕ್ಕಿಗಳೇಳುತ್ತವೆ.

ಮೊದಲ ವರ್ಷ ನೋಡಲಾರದೆ ಹಂಡೆಯಿಂದ ಎರಡು ಬಕೆಟ್ ಬಿಸಿನೀರು ತಂದು ಸುರಿದುಬಿಟ್ಟೆ. ಸುರಿದ ಮೂಲೆಯಲ್ಲಿದ್ದ ಮೂರು ಮಾಲಿಗಳು ಮಧ್ಯಾಹ್ನದ ಹೊತ್ತಿಗೆ ತೇಲಿದವು. ಒಂದು ಮರಿ ಹಾಕುವುದರಲ್ಲಿತ್ತು. ದಾಸವಾಳದ ಬುಡದಲ್ಲಿ ಹೂತೆ. ಇಂದಿಗೂ ಆ ಗಿಡಕ್ಕೆ ನೀರು ಹಾಕುವಾಗ ಕೈ ತಡೆಯುತ್ತದೆ.

ಆಮೇಲೆ ಹೀಟರಿನ ಲೆಕ್ಕ ಹಾಕಿದೆ. ಸಾವಿರ ಲೀಟರ್ ನೀರನ್ನು ಒಂದು ಡಿಗ್ರಿ ಏರಿಸಲು ಸುಮಾರು 1.2 ಯೂನಿಟ್ ಕರೆಂಟು. ಏರಿಸಿದ್ದು ಉಳಿಯುವುದೂ ಇಲ್ಲ, ಮೋಡವಿಲ್ಲದ ರಾತ್ರಿ ಬಯಲು ತೊಟ್ಟಿ ತನ್ನ ಬಿಸಿಯನ್ನು ಹೆಚ್ಚಾಗಿ ಮೇಲಿನಿಂದಲೇ ಕಳೆದುಕೊಳ್ಳುತ್ತದೆ. ದಾರಿ ತೋರಿಸಿದವಳು ಅಮ್ಮ. "ಚಳೀಲಿ ಮೊಸರಿನ ಪಾತ್ರೆಗೆ ಬಟ್ಟೆ ಸುತ್ತಿಡ್ತೀವಲ್ಲ, ಇದಕ್ಕೂ ಹಂಗೇ ಮಾಡೋ."

ಈಗ ಹೊತ್ತು ಮುಳುಗುವ ಮುನ್ನ ಬಿದಿರಿನ ಗಳುಗಳ ಮೇಲೆ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಗೋಣಿಚೀಲ ಹೊದಿಸುತ್ತೇನೆ. ಗಾಳಿಗೆಂದು ಒಂದು ಮೂಲೆ ಬಿಡುತ್ತೇನೆ. ಒಂಬತ್ತರ ಬಿಸಿಲು ತೊಟ್ಟಿಗೆ ಬಿದ್ದಾಗ ತೆಗೆಯುತ್ತೇನೆ. ಮೀನುಗಳಿಗೆ ಊಟ ಮಧ್ಯಾಹ್ನ ಒಂದೇ ಹೊತ್ತು, ಅದೂ ಅರ್ಧ. ಹೊದಿಕೆಯಿಂದಲೇ ನಸುಕಿನ ನೀರು 21ಕ್ಕೆ ನಿಂತಿದೆ.

ಈ ಊರಿನ ಚಳಿ 1884ರ ಜನವರಿಯಲ್ಲಿ 7.8 ಡಿಗ್ರಿಗೆ ಇಳಿದದ್ದು ದಾಖಲಾಗಿದೆ. ಅಂಥ ರಾತ್ರಿ ಮತ್ತೆ ಬಂದರೆ? ಅದಕ್ಕೆಂದೇ ನಡುಮನೆಯಲ್ಲಿ ಗಾಜಿನ ತೊಟ್ಟಿಯೊಂದನ್ನು ತುಂಬಿಸಿಟ್ಟಿದ್ದೇನೆ.

ನಿನ್ನೆ ನನಗಿಂತ ಮೊದಲೇ ಅಮ್ಮ ಹಿತ್ತಲಿಗೆ ಹೋಗಿದ್ದಳು. ಶಾಲು ಹೊದ್ದು, ಗೋಣಿಯ ಅಂಚೆತ್ತಿ ಬಗ್ಗಿ ನೋಡಿ ಕೂಗಿದಳು:

"ಎದ್ದಿದಾವೆ ಕಣೋ!"